ಟೋಕನ್ ಇಲ್ಲದ ಆಂಟಿವೈರಸ್

ರಾಬರ್ಟ್‌ಸನ್‌ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಮೇಲೆ ನಗು ಹುಡುಕಿಕೊಂಡು ನಾನು ಎಲ್ಲೂ ಹೋಗಬೇಕಾಗಿಲ್ಲ. ನಗುವೇ ಬಸ್ಸು ಹತ್ತಿ, ಗೋಣಿಚೀಲದಲ್ಲಿ ಕಂಪ್ಯೂಟರ್ ಹಾಕಿಕೊಂಡು ನನ್ನ ಬಾಗಿಲಿಗೆ ಬರುತ್ತದೆ.

ಮೊದಲು ಇದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಆಗಿತ್ತು. ಟೈಪ್‌ರೈಟರುಗಳ ಕಾಲ ಮುಗಿದಾಗ ಬೋರ್ಡಿನಲ್ಲಿದ್ದ ‘ಟೈಪಿಂಗ್’ ಮೇಲೆ ಬಣ್ಣ ಬಳಿಸಿ ‘ಕಂಪ್ಯೂಟರ್’ ಅಂತ ಬರೆಸಿದೆ. ಈಗ ಬಿಸಿಲಿಗೆ ಬಣ್ಣ ಎದ್ದು ಎರಡೂ ಕಾಣಿಸುತ್ತವೆ. ಇತ್ತೀಚೆಗೆ ನನ್ನ ಅರ್ಧ ಕೆಲಸ ಅಂದರೆ ನಕಲಿ ಆಂಟಿವೈರಸ್ ತೆಗೆಯೋದು. ವೈರಸ್ ಓಡಿಸೋದಲ್ಲ ನೋಡಿ, ವೈರಸ್ ಓಡಿಸ್ತೀನಿ ಅಂತ ಬಂದು ಜಗಲಿ ಮೇಲೆ ಕೂತವನನ್ನು ಓಡಿಸೋದು.

ಅಂಗಡಿಯ ಬೆಂಚಿನ ಮೇಲೆ ವಾರಕ್ಕೆ ಮೂರು ದಿನ ಒಬ್ಬ ತಾತ ಕೂತಿರುತ್ತಾರೆ. ನಂದಿದುರ್ಗದ ಲೈನ್ ಮನೆಯವರು, ಅಂದರೆ ಗಣಿ ಕೆಲಸಗಾರರ ಸಾಲುಮನೆಯವರು. ಚಿನ್ನದ ಗಣಿ ನಡೆಯುತ್ತಿದ್ದಾಗ ಮೂವತ್ತು ವರ್ಷ ಗಣಿಬಾಯಲ್ಲಿ ಟೋಕನ್ ನೋಡುವ ಕೆಲಸ ಮಾಡಿದವರು. ಕೆಳಗೆ ಇಳಿಯುವವರು ತಮ್ಮ ನಂಬರಿನ ಹಿತ್ತಾಳೆ ಟೋಕನ್ನನ್ನು ಹಲಗೆಯ ಮೊಳೆಗೆ ಹಾಕಬೇಕು, ಮೇಲೆ ಬಂದಾಗ ತೆಗೆದುಕೊಳ್ಳಬೇಕು. ಮೊಳೆಯಲ್ಲಿ ಟೋಕನ್ ನೇತಾಡುತ್ತಿದ್ದರೆ ಆ ಮನುಷ್ಯ ಇನ್ನೂ ಒಳಗಿದ್ದಾನೆ ಅಂತ ಲೆಕ್ಕ. ಹೀಗಾಗಿ ಊರಿಗೆಲ್ಲ ಅವರು ಟೋಕನ್ ತಾತ.

ಹಾಗೆ ಗಣಿಗೆ ಇಳಿದವರ ಹೆಸರುಗಳನ್ನೆಲ್ಲ ಬರೆದಿಟ್ಟಿದ್ದ ನೋಟ್‌ಬುಕ್ಕು ಮನೆಯ ಅಟ್ಟದಲ್ಲಿ ಗೆದ್ದಲಿಗೆ ಊಟವಾಯಿತು. ತಾತ ಬಿಡಲಿಲ್ಲ. ಎಪ್ಪತ್ತು ದಾಟಿದ ಮೇಲೆ ನನ್ನ ಹತ್ತಿರ ಟೈಪಿಂಗ್ ಕಲಿತು, ನನ್ನ ಅಂಗಡಿಯ ಹಳೇ ಕಂಪ್ಯೂಟರ್ ಒಂದನ್ನು ಮನೆಗೆ ಒಯ್ದು, ನೆನಪಿನಿಂದ ಒಂದೇ ಬೆರಳಲ್ಲಿ ಕುಟ್ಟತೊಡಗಿದರು. ನಂಬರ್, ಹೆಸರು, ಪಕ್ಕದಲ್ಲಿ ಒಂದು ಮಾತು. ‘ಹಾಡು ಹೇಳ್ಕೊಂಡೇ ಇಳೀತಿದ್ದ.’ ‘ಮಗಳ ಮದುವೆ ದಿನಾನೂ ಕೆಲಸಕ್ಕೆ ಬಂದ.’ ಇನ್ನೂರ ಹದಿನೇಳನೇ ನಂಬರಿನ ಮುಂದೆ ‘ಚಡ್ಡಿಯಲ್ಲಿ ಬೀಡಿ ಬಚ್ಚಿಡ್ತಿದ್ದ.’ ಮೂರು ವರ್ಷದಲ್ಲಿ ನಾನೂರ ಹನ್ನೆರಡು ಜನ ಆದರು. ಅವರಲ್ಲಿ ಬಹಳ ಜನ ಈಗ ಇಲ್ಲ. ಆ ಪಟ್ಟಿ ಬಿಟ್ಟರೆ ಅವರು ಬೇರೆಲ್ಲೂ ಇಲ್ಲ.

“ತಾತ, ಇದರದ್ದೊಂದು ಕಾಪಿ ತೆಗೆದಿಡೋಣ” ಅಂತ ನಾನು ಎಷ್ಟು ಸಲ ಬೇಡಿಕೊಂಡಿದ್ದೇನೋ. ಮುಖ ಗಂಟು ಹಾಕಿಕೊಂಡು ಹೇಳುವರು: “ಎರಡು ರಿಜಿಸ್ಟರ್ ಇಡೋನು ಕಳ್ಳ, ಟೀಚರಮ್ಮ.”

ಮೂರು ಕಾವಲು

ಕ್ಯಾಸಂಬಳ್ಳಿ ಕಡೆಯ ಡೈರಿ ಸೆಕ್ರೆಟರಿ ಒಬ್ಬರು ಹಾಲಿನ ಕ್ಯಾನ್ ಕಟ್ಟುವ ಹಗ್ಗದಲ್ಲೇ ಕಂಪ್ಯೂಟರನ್ನು ಸ್ಕೂಟರಿಗೆ ಬಿಗಿದುಕೊಂಡು ಬಂದರು.

“ಅಕ್ಕಾ, ಆನ್ ಮಾಡಿದ್ರೆ ಮುದಿ ಎಮ್ಮೆ ಎದ್ದಂಗೆ ಎದ್ದೇಳ್ತದೆ. ಎದ್ದು ಅಂಗೇ ನಿಂತ್ಕತದೆ.”

ಹಚ್ಚಿ ನೋಡಿದೆ. ಪರದೆ ತುಂಬ ಗುರಾಣಿಗಳು. ಒಂದು ಹಸಿರು, ಒಂದು ನೀಲಿ, ಒಂದು ಕೆಂಪು. ಮೂರೂ ಒಂದರ ಮೇಲೊಂದು ಬಿದ್ದು ಕಿರುಚುತ್ತಿವೆ.

“ಯಾರು ಸ್ವಾಮಿ ಇವನ್ನೆಲ್ಲ ಹಾಕಿದ್ದು?”

“ನಾನೇ ಅಕ್ಕಾ. ಮೊದ್ಲು ಹಸಿರಿಂದು ಬಂದು, ನಿನ್ ಕಂಪ್ಯೂಟರ್ ತುಂಬಾ ವೈರಸ್ ಐತೆ ಅಂತು. ಓಕೆ ಒತ್ತಿದೆ. ಆಮೇಲೆ ನೀಲಿದು ಬಂದು, ಆ ಹಸಿರಿಂದೇ ಕಳ್ಳ ಅಂತು. ಅದ್ಕೂ ಓಕೆ ಒತ್ತಿದೆ. ಕೊನೇಗೆ ಕೆಂಪಿಂದು ಬಂದು, ಇಬ್ರೂ ಕಳ್ರೇ ಅಂತು.”

“ಅದಕ್ಕೂ ಒತ್ತಿದಿರಾ?”

“ಬಾಗ್ಲಿಗೆ ಬಂದವ್ರನ್ನ ಎಂಗಕ್ಕಾ ಓಗು ಅನ್ನದು?”

ನಾನು ತಲೆ ಚಚ್ಚಿಕೊಂಡು ಪಾಠ ಶುರು ಮಾಡಿದೆ. ನಾವು ಕರೆಯದೆ ತಾನಾಗಿ ಬಂದದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ನೂರಾರು ವೈರಸ್ ಎಣಿಸಿದ್ದು, ಗಡುವು ಕೊಟ್ಟು ಹೆದರಿಸೋದು, ಫೋನ್ ನಂಬರ್ ತೋರಿಸಿ ಕರೆ ಮಾಡು ಅನ್ನೋದು, ಇವೆಲ್ಲ ನಕಲಿಯ ಗುರುತು. ನಿಜವಾದದ್ದು ಕಂಪ್ಯೂಟರ್ ಜೊತೆಗೇ ಬಂದು ಮೂಲೆಯಲ್ಲಿ ಸುಮ್ಮನೆ ಕೆಲಸ ಮಾಡಿಕೊಂಡಿರುತ್ತದೆ.

ಬೆಂಚಿನ ಮೇಲಿದ್ದ ತಾತ ಎಲ್ಲ ಕೇಳಿಸಿಕೊಂಡು ಒಂದೇ ಮಾತಲ್ಲಿ ಮುಗಿಸಿದರು. “ಟೋಕನ್ ಹಾಕದೆ ಒಳಗೆ ನುಗ್ಗಿದವನು ನಮ್ಮೋನಲ್ಲ. ಅಷ್ಟೇ ತಾನೇ?”

ನಾನು ಅರ್ಧ ಗಂಟೆ ಕೊರೆದದ್ದು ಅಷ್ಟೇ ಆಗಿತ್ತು.

ನೆಟ್ ವೈರು ಕಿತ್ತು, ಸೇಫ್ ಮೋಡಿನಲ್ಲಿ ಮೂರನ್ನೂ ತೆಗೆದು, ಅವು ಮಲಗಿಸಿದ್ದ ಅಸಲಿ ಆಂಟಿವೈರಸ್ಸನ್ನು ಎಬ್ಬಿಸಿ ಪೂರ್ತಿ ಸ್ಕ್ಯಾನ್ ಮಾಡಿಸಿದೆ. ಎಮ್ಮೆ ಕರುವಾಗಿ ಓಡಾಡತೊಡಗಿತು. ಸೆಕ್ರೆಟರಿ ಮಾತ್ರ ಸಪ್ಪೆ ಮುಖ ಮಾಡಿಕೊಂಡು ನಿಂತಿದ್ದರು.

“ಯಾಕೆ, ಸರಿಹೋಯ್ತಲ್ಲ?”

“ಸರಿಹೋಯ್ತಕ್ಕಾ. ಆದ್ರೂ ಆ ಕೆಂಪಿಂದು, ಮಿಕ್ಕಿದ್ದೆರಡೂ ಕಳ್ರು ಅಂತ ನಿಜಾನೇ ಏಳಿತ್ತು. ಪಾಪ, ಅದೊಂದನ್ನಾದ್ರೂ ಉಳಿಸ್ಬೋದಿತ್ತು.”

ಮೂಲೆಯಲ್ಲಿ ದೇವರು

ಬಂಗಾರಪೇಟೆ ಸ್ಟೇಷನ್ ಹತ್ತಿರ ಒಂದು ಫೋಟೊ ಸ್ಟುಡಿಯೊ. “ಕಂಪ್ಯೂಟರ್ ಸ್ವಲ್ಪ ನಿಧಾನ, ಬಂದು ನೋಡಿ ಮೇಡಂ” ಅಂತ ಮಾಲೀಕರು ಕರೆದರು. ತಾತನಿಗೂ ಅವತ್ತು ಪೆನ್ಶನ್ ಪುಸ್ತಕಕ್ಕೆ ಫೋಟೊ ಬೇಕಿತ್ತು, ಜೊತೆಗೆ ಬಂದರು.

ಮಾನಿಟರಿನ ಬಲಗಡೆ ಕೆಳಮೂಲೆಯಲ್ಲಿ, ಗಾಜಿನ ಮೇಲೇ, ಆಂಜನೇಯನ ಸ್ಟಿಕ್ಕರ್ ಅಂಟಿಸಿದ್ದರು. ಅಂಗೈ ಅಗಲದ್ದು. ಫೋಟೊ ನೋಡಲು ಬಗ್ಗಿದ ಗಿರಾಕಿಗಳು ಹಾಗೇ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು.

“ಇಲ್ಲೇನಿತ್ತು?” ಅಂದೆ.

“ಏಮ್ ಚೇಯಾಲ, ಏನ್ ಮಾಡೋದು ಮೇಡಂ? ಆ ಮೂಲೇಲಿ ಸದಾ ವೈರಸ್ ವೈರಸ್ ಅಂತ ಒಂದು ಡಬ್ಬಿ ಏಳ್ತಿತ್ತು. ಎಕ್ಸ್ ಒತ್ತಿದ್ರೆ ಇನ್ನೆರಡು ಏಳ್ತಿತ್ತು. ಸ್ವಾಮೀನ ಅಂಟಿಸಿ ಎಂಟು ತಿಂಗಳಾಯ್ತು ನೋಡಿ, ಅವತ್ತಿಂದ ಒಂದೂ ಬಂದಿಲ್ಲ.”

ಉಗುರಿನಿಂದ ಮೆಲ್ಲಗೆ ಸ್ಟಿಕ್ಕರ್ ಎತ್ತಿದೆ. ಕೆಳಗೆ ಆ ಡಬ್ಬಿ ಎಂಟು ತಿಂಗಳಿಂದ ಒಬ್ಬಂಟಿಯಾಗಿ ಕೂಗಿಕೊಳ್ಳುತ್ತಲೇ ಇತ್ತು. ಯಾವುದೋ ವೆಬ್‌ಸೈಟಿಗೆ ‘ಅಲೌ’ ಒತ್ತಿದ್ದರಿಂದ ಬರುತ್ತಿದ್ದ ನೋಟಿಫಿಕೇಶನ್ನು ಅಷ್ಟೆ. ಬ್ರೌಸರಿನ ಸೆಟ್ಟಿಂಗಿಗೆ ಹೋಗಿ ಆ ಅನುಮತಿ ರದ್ದು ಮಾಡಿದೆ. ಅದರ ಜೊತೆ ಇಳಿದಿದ್ದ ನಕಲಿಯನ್ನೂ ತೆಗೆದೆ. ಮೂಲೆ ಖಾಲಿಯಾಯಿತು. ನಾನು ಚೀಲ ಕಟ್ಟುವಷ್ಟರಲ್ಲಿ ಮಾಲೀಕರು ಸ್ಟಿಕ್ಕರನ್ನು ಗೋಂದು ಹಚ್ಚಿ ಮತ್ತೆ ಅಲ್ಲೇ ಅಂಟಿಸುತ್ತಿದ್ದರು.

“ಇನ್ನೇನೂ ಬರಲ್ಲ, ಮತ್ತೆ ಯಾಕೆ?”

“ಕಷ್ಟ ಕಳೀತು ಅಂತ ದೇವ್ರನ್ನ ಎಬ್ಬಿಸಿ ಕಳಿಸಕ್ಕಾಗ್ತದಾ ಮೇಡಂ?”

ನನ್ನದೂ ಒಂದು

ಊರಿನವರದೇ ಹೇಳಿದರೆ ಪಾಪ ಬರುತ್ತದೆ. ಅವತ್ತೇ ವಾಪಸು ಬರುವಾಗ ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೊಬೈಲಿನಲ್ಲಿ ಅಡುಗೆ ವಿಡಿಯೊ ನೋಡುತ್ತಿದ್ದೆ. ‘ನಿಮ್ಮ ಬ್ಯಾಟರಿಗೆ ವೈರಸ್ ತಗುಲಿದೆ, ಈಗಲೇ ಸ್ವಚ್ಛಗೊಳಿಸಿ’ ಅಂತ ಬಂತು. ಬಸ್ಸೂ ಆಗಲೇ ಬಂತು. ಅವಸರದಲ್ಲಿ ಒತ್ತಿಯೇಬಿಟ್ಟೆ! ಇಪ್ಪತ್ತು ವರ್ಷ ಇದೇ ಕಸುಬು ಮಾಡಿದವಳು!

ಸೀಟಿನಲ್ಲಿ ಕೂತು, ಯಾರೂ ನೋಡಲಿಲ್ಲ ಅಂದುಕೊಂಡು, ಇಳಿದುಬಂದಿದ್ದ ಆ್ಯಪನ್ನು ಗುಟ್ಟಾಗಿ ತೆಗೆಯುತ್ತಿದ್ದೆ. ಹಿಂದಿನ ಸೀಟಿನಿಂದ ತಾತನ ದನಿ ಬಂತು, ಅದೂ ಇಡೀ ಬಸ್ಸಿಗೆ ಕೇಳುವಂತೆ.

“ಟೀಚರಮ್ಮ, ಅವನು ಟೋಕನ್ ಹಾಕಿದ್ನಾ?”

ಸೈರನ್

ಇದಾಗಿ ಹದಿನೈದು ದಿನಕ್ಕೆ ಬೆಳಿಗ್ಗೆ ಹತ್ತಕ್ಕೆ ತಾತನ ಫೋನು.

“ಟೀಚರಮ್ಮ, ಕಂಪ್ಯೂಟರ್ ಸೈರನ್ ಹೊಡೀತಾ ಐತೆ. ಎಲ್ಲಾರನ್ನೂ ಹೊರಗೆ ಹಾಕಿದೀನಿ. ಬೇಗ ಬಾ.”

ಅಂಗಡಿಗೆ ಬೀಗ ಹಾಕಿ ಸ್ಕೂಟಿ ಓಡಿಸಿದೆ. ನಂದಿದುರ್ಗದ ಆ ಲೈನಿಗೆ ತಿರುಗಿದರೆ ಏನು ನೋಡೋದು! ಇಡೀ ಸಾಲಿನವರು ಬೀದಿಯಲ್ಲಿದ್ದಾರೆ. ಒಬ್ಬಾಕೆ ಕುಕ್ಕರ್ ಸಮೇತ ಬಂದಿದ್ದಾಳೆ. ಒಬ್ಬರು ಮೈತುಂಬ ಸೋಪಿನ ನೊರೆ, ಸೊಂಟಕ್ಕೆ ಟವೆಲ್ಲು. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಆ ಲೈನಿನಲ್ಲಿ ಸೈರನ್ ಅಂದರೆ ಅವಘಡ, ಯಾರೂ ಯಾಕೆ ಅಂತ ಕೇಳಲ್ಲ, ಮೊದಲು ಹೊರಗೆ ಬರುತ್ತಾರೆ. ತಾತ ಬಾಗಿಲಲ್ಲಿ ನಿಂತು ಬೆರಳಲ್ಲಿ ತಲೆ ಎಣಿಸುತ್ತಿದ್ದರು.

“ಎಲ್ಲ ಬಂದ್ರಲ್ಲ ತಾತ, ಇನ್ಯಾಕೆ ಹೆದರಿಕೆ?” ಅಂದೆ.

ತಾತ ಒಳಗಿನ ಕಂಪ್ಯೂಟರಿನ ಕಡೆ ಬೆರಳು ತೋರಿಸಿದರು. “ನಾನೂರ ಹನ್ನೆರಡು ಜನ ಇನ್ನೂ ಒಳಗವ್ರೆ, ಅಮ್ಮಾ.”

ಆ ಪಟ್ಟಿಗೆ ಕಾಪಿ ಇಲ್ಲ. ಒಳಗೆ ಇಣುಕಿದೆ. ಕೆಂಪು ಪರದೆ, ಕಿವಿ ಕಿತ್ತುಹೋಗುವ ಸೈರನ್ನು, ‘ಒಂದು ಗಂಟೆಯಲ್ಲಿ ನಿಮ್ಮ ಎಲ್ಲ ಫೈಲು ಅಳಿಸಿಹೋಗುತ್ತವೆ, ಈ ನಂಬರಿಗೆ ಕರೆ ಮಾಡಿ’ ಅನ್ನುವ ಗಡುವು. ಆಗಲೇ ಕಣ್ಣಿಗೆ ಬಿತ್ತು, ತಾತನ ಎಡಗೈಯಲ್ಲಿ ಮೊಬೈಲು, ಅದರಲ್ಲಿ ಯಾರೋ ಮಾತಾಡುತ್ತಿದ್ದಾರೆ.

“ಅಯ್ಯೋ ಶಿವನೇ! ಆ ನಂಬರಿಗೆ ಫೋನ್ ಮಾಡಿದಿರಾ?”

“ನೀನು ಬರೋದು ತಡ ಆಯ್ತಲ್ಲಮ್ಮ.”

“ಏನು ಹೇಳಿದ ಅವನು?”

“ಒಳಗೆ ಬತ್ತೀನಿ, ಸ್ಕ್ರೀನ್ ಮೇಲೆ ಪರ್ಮಿಶನ್ ಒತ್ತಿ ಅಂದ.”

ಅಂದರೆ ಕಂಪ್ಯೂಟರನ್ನು ದೂರದಿಂದಲೇ ಅವನ ಕೈಗೆ ಕೊಡೋದು! ಒಂದು ಸಲ ಒತ್ತಿದರೆ ಮೂರು ವರ್ಷದ ಪಟ್ಟಿಯೂ ಹೋಯಿತು, ತಾತನೂ ಹೋದರು. “ಒತ್ತಿದಿರಾ ತಾತ?”

ತಾತ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಟೋಕನ್ ನಂಬರ್ ಹೇಳದೆ ಎಂಗಮ್ಮ ಒಳಗೆ ಬಿಡೋದು?”

ಫೋನು ಸ್ಪೀಕರಿಗೆ ಹಾಕಿದೆ. ಅತ್ತಲಿಂದ ಬೆವರು ಒರೆಸಿಕೊಳ್ಳುತ್ತಿರುವ ದನಿ. “ಸರ್, ನನ್ನ ಎಂಪ್ಲಾಯಿ ನಂಬರ್ ಮೂರು ಸಲ ಕೊಟ್ಟೆ ಸರ್. ಈಗ ಕೊನೇದಾಗಿ ಹೇಳ್ತೀನಿ, ಇನ್ನೂರ ಹದಿನೇಳು.”

ತಾತನ ಕಣ್ಣು ಕೆಂಪಾಯಿತು. “ಇನ್ನೂರ ಹದಿನೇಳಾ? ಅದು ಬೀಡಿ ಬಚ್ಚಿಡ್ತಿದ್ದೋನ ನಂಬರ್! ಅವನು ಸತ್ತು ಒಂಬತ್ತು ವರ್ಷ ಆಯ್ತು. ಅವನ ಟೋಕನ್ ನಿನಗೆ ಎಲ್ಲಿ ಸಿಕ್ತು? ಯಾರು ಪಾ ನೀನು? ನಿನ್ನ ಮೇಸ್ತ್ರಿ ಯಾರು? ಯಾವ ಶಿಫ್ಟು?”

“ಸರ್... ಬೆಳಗಿನ ಶಿಫ್ಟು ಸರ್.”

“ಬೆಳಗಿನ ಶಿಫ್ಟ್‌ನೋನು ಹತ್ತು ಗಂಟೆಗೆ ಗೇಟಿಗೆ ಬರ್ತೀಯಾ? ಅರ್ಧ ದಿನ ಕಟ್! ಹೋಗು ಮನೆಗೆ!”

ಆ ಕಡೆಯವನೇ ಫೋನು ಇಟ್ಟ. ಜನರ ಕಂಪ್ಯೂಟರಿಗೆ ನುಗ್ಗೋದೇ ಕಸುಬಾದವನು ಅವತ್ತು ಬೈಸಿಕೊಂಡು ಗೇಟಿನಿಂದಲೇ ವಾಪಸು ಹೋದ. ಬೀದಿಯವರೆಲ್ಲ ಕೈತಟ್ಟಿದರು, ಸೋಪಿನವರು ಟವೆಲ್ಲು ಹಿಡಿದುಕೊಂಡು ಒಂದೇ ಕೈಯಲ್ಲಿ ತೊಡೆ ತಟ್ಟಿದರು.

ನಾನು ಇನ್ನೇನು ಒಳಗೆ ಕಾಲಿಡಬೇಕು, ತಾತ ಅಡ್ಡ ನಿಂತರು. ಕಂಪ್ಯೂಟರ್ ಪಕ್ಕ ಒಂದು ಹಲಗೆ, ಅದಕ್ಕೊಂದು ಮೊಳೆ. ಪೆಟ್ಟಿಗೆಯಿಂದ ಸವೆದ ಹಿತ್ತಾಳೆ ಟೋಕನ್ ಒಂದನ್ನು ತೆಗೆದು ನನ್ನ ಕೈಗಿಟ್ಟರು. ಅದು ಅವರದೇ ಟೋಕನ್ನು.

“ತಾತ, ಇದಕ್ಕೆಲ್ಲ ಟೈಮಿಲ್ಲ!”

“ಸೈರನ್ ಹೊಡೆದಾಗಲೇ ಅಮ್ಮಾ ಟೋಕನ್ ಬೇಕಾಗೋದು.”

ಮೊಳೆಗೆ ಹಾಕಿದೆ. ನೆಟ್ ವೈರು ಕಿತ್ತೆ. ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರನ್ನು ಮುಚ್ಚಿದೆ. ಸೈರನ್ನು ಗಪ್‌ಚಿಪ್. ಅದೊಂದು ಬರೀ ವೆಬ್ ಪುಟ, ಬಣ್ಣ ಬಳಿದ ಬೆದರುಬೊಂಬೆ. ಬ್ರೌಸರ್ ಮತ್ತೆ ತೆರೆದಾಗ ಹಳೇ ಪುಟ ಬರದ ಹಾಗೆ ಮಾಡಿ, ಅಸಲಿಯಿಂದ ಸ್ಕ್ಯಾನ್ ಮಾಡಿಸಿದೆ. ಆಮೇಲೆ ಉಸಿರು ಹಿಡಿದು ಪಟ್ಟಿ ತೆರೆದೆ. ತಾತ ಪರದೆಯ ಮೇಲೆ ಬೆರಳಿಟ್ಟು ಒಂದರಿಂದ ಓದುತ್ತಾ ಹೋದರು. ಬಾಗಿಲಲ್ಲಿ ನಿಂತವರಲ್ಲಿ ಕೆಲವರು ತಮ್ಮಪ್ಪನ ಹೆಸರು ಬಂದಾಗ “ಅವ್ರೆ ತಾತ, ಅವ್ರೆ” ಅಂದರು. ನಾನೂರ ಹನ್ನೆರಡೂ ಇದ್ದವು. ತಾತ ಪಂಚೆಯ ಅಂಚಿನಲ್ಲಿ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ.

ಇದೇ ಸಮಯ ಅಂತ ಪೆನ್‌ಡ್ರೈವ್ ಹೊರತೆಗೆದೆ. “ತಾತ, ಗಣಿಗೆ ಒಂದೇ ದಾರಿ ಇರ್ತಿತ್ತಾ?”

“ಛೆ, ಎಲ್ಲಾದ್ರೂ ಉಂಟಾ? ಒಂದು ಕುಸಿದ್ರೆ ಜನ ಬರೋಕೆ ಇನ್ನೊಂದು ಬೇಕೇ ಬೇಕು.”

“ಇದು ಎರಡನೇ ರಿಜಿಸ್ಟರ್ ಅಲ್ಲ. ಎರಡನೇ ದಾರಿ.”

ತಾತ ಪೆನ್‌ಡ್ರೈವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಹಾಕು” ಅಂದರು. ನನಗೆ ಲಾಟರಿ ಹೊಡೆದಷ್ಟು ಖುಷಿ. ಪೆನ್‌ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಕುಕ್ಕರಿನಾಕೆ ಕೊಟ್ಟ ಚಹಾ ಕುಡಿದು, ಸ್ಕೂಟಿ ಹತ್ತಿ ರಾಬರ್ಟ್‌ಸನ್‌ಪೇಟೆಗೆ ಬಂದೆ. ಅಂಗಡಿ ಬೀಗ ತೆಗೆದು ಇನ್ನೇನು ಫ್ಯಾನು ಹಾಕಬೇಕು, ಫೋನು ಬಂತು.

“ಟೀಚರಮ್ಮ, ಎಲ್ಲಿದೀಯ?”

“ಅಂಗಡೀಲಿದೀನಿ ತಾತ. ಏನಾಯ್ತು?”

“ನೀನು ಅಂಗಡೀಲಿರೋಕೆ ಆಗಲ್ಲಮ್ಮ. ನಿನ್ನ ಟೋಕನ್ ಇನ್ನೂ ಮೊಳೇಲಿ ನೇತಾಡ್ತಾ ಐತೆ. ಲೆಕ್ಕದ ಪ್ರಕಾರ ನೀನು ಇನ್ನೂ ಒಳಗೇ ಇದೀಯ. ನಾನು ಹಿಂಗೆ ಬಾಗಿಲು ಹಾಕ್ಕೊಂಡು ಊಟಕ್ಕೆ ಕೂರೋಕಾಗಲ್ಲ. ಬೇಗ ಬಂದು ಹೊರಗೆ ಹೋಗು.”

ಹೋದೆ. ಬಂದು, ಹೊರಗೆ ಹೋದೆ.