ಪಲ್ಪರ್ ಪುಸ್ತಕದಲ್ಲಿ ನನ್ನ ಹೃದಯ

ಬೇರೆಯವರು ಬರೆದದ್ದನ್ನು ತಿದ್ದಿ ಬದುಕುವವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ: ತಾವು ಬರೆದದ್ದನ್ನು ಅವರು ಓದಿ ನೋಡುವುದೇ ಇಲ್ಲ. ನನಗೆ ಅದು ಎರಡು ಸಲ ಅಂಟಿದೆ. ಮೊದಲು ಮಡಿಕೇರಿಯ ಒಂದು ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಅದು ನಿಂತ ಮೇಲೆ ಸುಂಟಿಕೊಪ್ಪದ ಮನೆಯಲ್ಲೇ ಕುಳಿತು ಮೆಡಿಕಲ್ ಕೋಡಿಂಗ್ ಮಾಡುತ್ತಿದ್ದೇನೆ. ಹುಟ್ಟುವಾಗಲೇ ಹೃದಯದಲ್ಲಿ ದೋಷವಿದ್ದ ಮಕ್ಕಳಿಗೆ ಎಲ್ಲೋ ದೂರದ ಆಸ್ಪತ್ರೆಯಲ್ಲಿ ಆಪರೇಷನ್ ಆಗುತ್ತದೆ. ಸರ್ಜನ್ ಬರೆದ ಟಿಪ್ಪಣಿ ಓದಿ, ಮಾಡಿದ ಕೆಲಸಕ್ಕೆ ತಕ್ಕ ಸಂಖ್ಯೆ ಹಾಕುವುದು ನನ್ನ ಉದ್ಯೋಗ. ಎರಡೂ ಕಡೆ ನಿಯಮ ಒಂದೇ: ಬರೆದಿಲ್ಲವೆಂದರೆ ನಡೆದಿಲ್ಲ. ‘ತೂತು ಮುಚ್ಚಲಾಯಿತು’ ಎಂದಷ್ಟೇ ಬರೆದ ಸರ್ಜನ್‌ಗೆ ‘ರಕ್ತನಾಳವನ್ನೂ ಅಗಲ ಮಾಡಿದಿರೋ? ತಿಳಿಸಿ’ ಎಂದು ಟಿಪ್ಪಣಿ ವಾಪಸು ಕಳಿಸುವುದರಲ್ಲಿ ನನಗೆ ಹಳೆಯ ಸುಖವಿದೆ.

ಈಚೆಗೆ ಗೇಟಿನಿಂದ ಮನೆಗೆ ಏರು ಹತ್ತುವಾಗ ಏದುಸಿರು ಬರತೊಡಗಿತು. ಮೈಸೂರಿನ ಹೃದಯದ ಡಾಕ್ಟರು ನನ್ನ ಎದೆಯ ಮೇಲಿನ ಹಳೆಯ ಹೊಲಿಗೆಯ ಗೆರೆ ನೋಡಿದರು. ಫಾರ್ಮಿನಲ್ಲಿ ನಾನು ಬರೆದದ್ದು ಒಂದೇ ಸಾಲು: ಆರನೇ ವಯಸ್ಸಿನಲ್ಲಿ ಹೃದಯದ ತೂತು ಮುಚ್ಚಲಾಗಿದೆ. ಅವರು ಇನ್ನೊಮ್ಮೆ ಸ್ಟೆತಸ್ಕೋಪ್ ಇಟ್ಟರು.

“ಬರೀ ತೂತು ಮುಚ್ಚಿದ್ರೆ ಈ ಥರ ಸದ್ದು ಬರಲ್ಲ. ಆಗ ಏನೇನು ಮಾಡಿದ್ರು ಅಂತ ಗೊತ್ತಾದ್ರೆ ಮುಂದಿನದು ಯೋಚಿಸಬಹುದು. ಹಳೇ ಕಾಗದ ಇದ್ರೆ ತನ್ನಿ.”

ಮನೆಗೆ ಬಂದು ಅವ್ವನನ್ನು ಕೇಳಿದೆ.

“ಆಸ್ಪತ್ರೆ ಚೀಟಿ ಎಲ್ಲ ಗೆದ್ದಲು ತಿಂದಾಯ್ತು. ನಿನ್ನಪ್ಪನ ಪಲ್ಪರ್ ಪುಸ್ತಕ ಉಂಟು, ಅದ್ರಲ್ಲಿ ನೋಡು.”

“ಪಲ್ಪರಿಗೂ ನನ್ನ ಹೃದಯಕ್ಕೂ ಎಂತ ಸಂಬಂಧ ಅವ್ವ?”

“ಎರಡೂ ಒಂದೇ ವರ್ಷ ರಿಪೇರಿ ಆದದ್ದು ಮಾರಾಯ.”

ಅಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದರು. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಕೆಟ್ಟರೆ ಮೆಕ್ಯಾನಿಕ್‌ನ ಪಕ್ಕದಲ್ಲೇ ನಿಲ್ಲುತ್ತಿದ್ದರು. ಏನು ಬಿಚ್ಚಿದ, ಏನು ಹಾಕಿದ ಎಂದು ಬರೆದುಕೊಳ್ಳದೆ ಅವನನ್ನು ಬಿಡುತ್ತಿರಲಿಲ್ಲ. ಸರ್ಜನ್‌ರನ್ನೂ ಆಸ್ಪತ್ರೆಯ ವರಾಂಡದಲ್ಲಿ ಹಾಗೆಯೇ ಹಿಡಿದು ನಿಲ್ಲಿಸಿದ್ದರಂತೆ. ಪುಸ್ತಕ ತೆರೆದರೆ ಗ್ರೀಸಿನ ವಾಸನೆ. ‘ಪಲ್ಪರ್: ಬೇರಿಂಗ್ ಬದಲಿ’ ಎಂಬುದರ ಕೆಳಗೆ ಅದೇ ಓರೆ ಅಕ್ಷರದಲ್ಲಿ ನಾನಿದ್ದೆ:

‘ಹುಡುಗ: ತೂತಿಗೆ ಪ್ಯಾಚ್ ಹಾಕಿದ್ದು. ಶ್ವಾಸಕೋಶಕ್ಕೆ ಹೋಗುವ ಪೈಪು ಇಕ್ಕಟ್ಟು; ಸೀಳಿ, ಇನ್ನೊಂದು ಪ್ಯಾಚ್ ಕೊಟ್ಟು ಅಗಲ ಮಾಡಿದ್ದು. ಅಲ್ಲಿಯ ವಾಲ್ವ್ ಇನ್ನು ಸರಿಯಾಗಿ ಮುಚ್ಚುವುದಿಲ್ಲ, ದೊಡ್ಡವನಾದ ಮೇಲೆ ತೋರಿಸಬೇಕು. ಉಗುರು ಈಗ ನೀಲಿ ಇಲ್ಲ.’

ಕೊನೆಯ ಸಾಲನ್ನು ಎರಡು ಸಲ ಓದಿ, ಅಭ್ಯಾಸಬಲದಿಂದ ನನ್ನ ಉಗುರು ನೋಡಿಕೊಂಡೆ.

ಡಾಕ್ಟರು ಪುಟ ಓದಿ, “ಯಾವ ಡಾಕ್ಟರ್ ಬರೆದಿದ್ದು ಇದು? ನಮ್ಮವರೂ ಇಷ್ಟು ಸ್ಪಷ್ಟವಾಗಿ ಬರೆಯಲ್ಲ,” ಎಂದರು. ವಾಲ್ವ್ ಬದಲಿಸಬೇಕೆಂದು, ಇನ್ನೂ ತಡವಾಗಿಲ್ಲವೆಂದು ಹೇಳಿ ದಿನ ಗೊತ್ತುಮಾಡಿದರು.

ಅವ್ವ ಮಾತ್ರ ಬಿಡಲಿಲ್ಲ. “ನೆಂಟರು ಬಂದಾಗೆಲ್ಲ ನಿನ್ನಪ್ಪ ಇದನ್ನೇ ಹೇಳ್ಲಿಕ್ಕೆ ಶುರು ಮಾಡ್ತಿದ್ರು. ‘ಅಪ್ಪಾ, ಒಂದು ತೂತು ಅಂದ್ರೆ ಸಾಕು’ ಅಂತ ಬಾಯಿ ಮುಚ್ಚಿಸ್ತಿದ್ದದ್ದು ಯಾರು?”

ನಾನೇ. ಪತ್ರಿಕೆ ಸೇರುವ ಮೊದಲೇ ಅಪ್ಪನ ಮಾತಿಗೆ ಕತ್ತರಿ ಹಾಕಿದ್ದೆ. ಅವರು ಪೈಪಿನ ಭಾಗಕ್ಕೆ ಬಂದಾಗ ಎರಡು ಬೆರಳು ಅಗಲಿಸಿ ತೋರಿಸುತ್ತಿದ್ದರು. ಈಗ ಪೂರ್ತಿ ಕೇಳುವ ಮನಸ್ಸಿದೆ, ಹೇಳುವವರಿಲ್ಲ.

ಆಪರೇಷನ್‌ಗೆ ಸೇರುವ ದಿನ ಫಾರ್ಮಿನಲ್ಲಿ ಅಪ್ಪ ಬರೆದದ್ದನ್ನೆಲ್ಲ, ಉಗುರಿನ ಸಾಲು ಸಮೇತ, ಒಂದಕ್ಷರ ಬಿಡದೆ ಇಳಿಸಿದೆ. ಜಾಗ ಸಾಲದೆ ಇನ್ನೊಂದು ಹಾಳೆ ಪಿನ್ ಮಾಡಿಕೊಟ್ಟೆ. ನರ್ಸ್ ತಿರುವಿ ನೋಡಿ ಹೇಳಿದಳು: “ಇಷ್ಟೆಲ್ಲ ಯಾಕೆ ಸರ್? ಒಂದು ಸಾಲು ಸಾಕಿತ್ತು.”