ಹಳೆ ಡಿಸ್ಕಿನೊಳಗಿನ ಮಂದಿ

ನಮ್ಮ ಮಾವಶಿಯ ಪ್ರಕಾರ ಈ ಲೋಕದಲ್ಲಿ ಬದುಕಿದವರು, ಸತ್ತವರು ಎಂಬ ಎರಡು ಜಾತಿಗಳಿಲ್ಲ. ಇರುವುದು ಬ್ಯಾಕಪ್ ಇದ್ದವರು ಮತ್ತು ಬ್ಯಾಕಪ್ ಇಲ್ಲದವರು, ಅಷ್ಟೇ! ನಾನು ಎರಡನೆಯ ಜಾತಿಯಲ್ಲಿ ಹುಟ್ಟಿ ಸುಖವಾಗಿ ಬೆಳೆದವನು ಎಂದು ಬರೆಯಬೇಕೆಂದಿದ್ದೆ. ಆದರೆ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್‌ ಸ್ಟ್ಯಾಂಡಿನಿಂದ ಮನೆಗೆ ಮರಳಿ ಓಡುವ ಮನುಷ್ಯನ ಬದುಕಿಗೆ ಸುಖ ಎನ್ನಲಾದೀತೆ?

ಮಾವಶಿ ಎಂದರೆ ಅವ್ವನ ತಂಗಿ. ಬೈಲಹೊಂಗಲದಲ್ಲಿ ಬಹಳ ಕಾಲ ಟೈಪಿಂಗ್ ಕ್ಲಾಸು ನಡೆಸಿದವಳು. ತಾಲ್ಲೂಕಿನ ಅರ್ಧ ಗುಮಾಸ್ತರ ಬೆರಳಿಗೆ ಫೂಟುಪಟ್ಟಿಯಿಂದ ಬಾರಿಸಿದ ಪುಣ್ಯ ಅವಳದು. ಟೈಪ್‌ರೈಟರುಗಳು ಗುಜರಿಗೆ ಹೋದಾಗ ಅವಳೂ ಮೂಲೆ ಹಿಡಿಯುತ್ತಾಳೆ ಎಂದು ನಾವೆಲ್ಲ ತಿಳಿದಿದ್ದೆವು. ಅವಳು ಕಂಪ್ಯೂಟರ್ ಹಿಡಿದಳು. ಈಗ ಎಪ್ಪತ್ತರ ಹೊಸ್ತಿಲಲ್ಲಿ, ಊರಿನಲ್ಲಿ ಯಾರು ಕಂಪ್ಯೂಟರ್ ಕೊಂಡರೂ ಮೊದಲು ಇವಳನ್ನು ಕರೆದುಕೊಂಡು ಹೋಗುತ್ತಾರೆ. ಹಿಂದೆ ಎತ್ತು ಕೊಳ್ಳುವಾಗ ಹಲ್ಲು ನೋಡಬಲ್ಲ ಮುದುಕರನ್ನು ಕರೆದೊಯ್ಯುತ್ತಿದ್ದಂತೆ.

ನನ್ನ ಬೀಜದ ಅಂಗಡಿಗೂ ಒಂದು ಬೇಕಾಯಿತು. ಹಳೆಯದೇ ಸಾಕು ಎಂದು ಬಜಾರದ ಭಾಯ್ ಒಬ್ಬರ ಅಂಗಡಿಗೆ ಹೋದೆವು. ಮಾವಶಿ ಡಬ್ಬಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದಳು.

"ಫ್ಯಾನಿಗೆ ದಮ್ಮು ಐತಿ."

"ಅಮ್ಮಾರ, ಪರದೆ ನೋಡ್ರಿ, ಬಣ್ಣ ಹೆಂಗ ಹೊಳಿಯಾಕತ್ತೈತಿ!"

"ಬಣ್ಣ ನೋಡಾಕ ನಾ ಏನ್ ಸೀರಿ ತಗೊಳ್ಳಾಕ ಬಂದೇನೇನು? ರ‍್ಯಾಮ್ ಇನ್ನೊಂದು ಹಾಕಾಕ ಜಾಗ ಐತಿಲ್ಲೋ ಹೇಳು. ಎಸ್‌ಎಸ್‌ಡಿ ಕೂಡತೈತೇನು?"

ಕೂಡುತ್ತದೆ ಎಂದರು ಭಾಯ್. ಆಮೇಲೆ ಅವಳು ಕೀಬೋರ್ಡಿನ ಒಂದೊಂದು ಕೀಲಿಯನ್ನೂ ಒತ್ತಿ, ಪ್ಲಗ್ಗು ಸಿಗಿಸುವ ಒಂದೊಂದು ತೂತಿಗೂ ಪೆನ್‌ಡ್ರೈವ್ ಹಾಕಿ ತೆಗೆದು, ಕೊನೆಗೆ ಸರಿ ಎಂದು ತಲೆ ಆಡಿಸಿದಳು. ಭಾಯ್ ಬೆವರು ಒರೆಸಿಕೊಂಡರು.

"ಹಳೇ ಮಾಲಕರದು ಏನೇನೋ ಉಳದೈತ್ರಿ ಇದರಾಗ. ಎಲ್ಲಾ ಅಳಿಸಿ ಸ್ವಚ್ಛ ಮಾಡಿ ಕೊಡತೇನಿ."

ಮಾವಶಿ ಅವರ ಕೈ ಹಿಡಿದಳು.

"ಮುಟ್ಟಬ್ಯಾಡ. ಒಳಗ ಮಂದಿ ಅದಾರ."

ಅಂಗಡಿಯಲ್ಲಿದ್ದ ಇನ್ನೊಬ್ಬ ಗಿರಾಕಿ ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹೊರಟುಹೋದ!

ಹೊರಗೆ ಬಂದ ಮೇಲೆ ನನಗೆ ಬಿಡಿಸಿ ಹೇಳಿದಳು. "ಮಷೀನು ಮಾರೂ ಮುಂದ ಎಲ್ಲಾರೂ, ಫೋಟೋ ತಕ್ಕೊಂಡೀವಿ ಅಂತನ ತಿಳದಿರತಾರ. ತಕ್ಕೊಂಡಿರಂಗಿಲ್ಲ. ಅವರ ಹಂತೇಕ ಮತ್ತೊಂದು ಪ್ರತಿ ಇಲ್ಲಂದ್ರ? ನೀ ಅಳಿಸಿದಿ ಅಂದ್ರ ಹೋತು, ಅವರು ಹುಟ್ಟೇ ಇಲ್ಲ ಅನ್ನೂಹಂಗ ಆಗತೈತಿ. ಹೊಸಾ ಎಸ್‌ಎಸ್‌ಡಿ ಹಾಕ್ಕೋ, ಹಳೇ ಡಿಸ್ಕ್ ಬಿಚ್ಚಿ ನನಗ ಕೊಡು. ಮಾಲಕರು ಸಿಗೂತನಕ ಕಾಯೂನು."

"ಮಂದಿ ಫೋಟೋ ನಾವು ನೋಡೂದು ತಪ್ಪಲ್ಲೇನು ಮಾವಶಿ?"

"ನೋಡೂದು ಬ್ಯಾರೆ, ಕಾಯೂದು ಬ್ಯಾರೆ."

ಅವಳು ಕಾಯುವ ಖೋಲಿಯನ್ನು ನೀವೊಮ್ಮೆ ನೋಡಬೇಕು. ಧೂಳು ಬರುತ್ತದೆಂದು ಹಗಲಲ್ಲೂ ಪರದೆ ಮುಚ್ಚಿರುತ್ತದೆ. ಕತ್ತಲಲ್ಲಿ ಕೆಂಪು, ಹಸಿರು ದೀಪಗಳು ಬೆಕ್ಕಿನ ಕಣ್ಣಿನಂತೆ ಮಿಟುಕುತ್ತವೆ. ಏನೋ ಸಣ್ಣಗೆ ಉಸಿರಾಡುವ ಸದ್ದು. ಕಪಾಟಿನ ತುಂಬ ಖಣದ ಬಟ್ಟೆಯಲ್ಲಿ ಸುತ್ತಿದ ಡಿಸ್ಕುಗಳು, ಪ್ರತಿಯೊಂದಕ್ಕೂ ಒಂದು ಚೀಟಿ. "ಸವದತ್ತಿ. ತಾಯಿ, ಕೂಸು. ಮಾಲಕರು ಸಿಕ್ಕಿಲ್ಲ." "ಕಿತ್ತೂರು. ಮುದುಕ, ನಾಯಿ. ನಾಯಿ ಸಿಕ್ಕೈತಿ." "ರಾಮದುರ್ಗ. ಮದುವಿ. ಮದುಮಗ ಸಿಕ್ಕ, ಬ್ಯಾಡ ಅಂದ."

ಹೀಗೆ ಬ್ಯಾಡ ಅಂದವರನ್ನೂ ಅವಳು ಕೈಬಿಡುವುದಿಲ್ಲ. ಯಾವುದೇ ವಸ್ತುವಿಗೆ ಮೂರು ಪ್ರತಿ ಇರಬೇಕು, ಮೂರೂ ಒಂದೇ ನಮೂನೆಯ ಡಬ್ಬಿಯಲ್ಲಿ ಇರಬಾರದು, ಒಂದಾದರೂ ಪರ ಊರಿನಲ್ಲಿರಬೇಕು ಎಂಬುದು ಅವಳ ಶಾಸನ. "ನಮ್ಮನಿ ಹೆಪ್ಪು ಕೆಟ್ಟರ ಮಗ್ಗಲ ಮನಿಯಾಗ ಸಿಗತೈತಲ್ಲ, ಹಂಗ!" ಹೀಗಾಗಿ ನಮ್ಮ ಬಳಗದಲ್ಲಿ ಯಾರ ಮನೆಗೆ ಹೋಗುವಾಗಲೂ ಅವಳು ಬಾಳೆಹಣ್ಣಿನ ಜೊತೆ ಒಂದು ಡಿಸ್ಕನ್ನೂ ಒಯ್ಯುತ್ತಾಳೆ. ಸಾಲಹಳ್ಳಿಯ ಅಣ್ಣ ಅದನ್ನು ಬೇವಿನೆಲೆ ಹಾಕಿ ಜೋಳದ ಡ್ರಮ್ಮಿನಲ್ಲಿ ಇಟ್ಟಿದ್ದಾನೆ. ಸವದತ್ತಿಯ ಅಕ್ಕ ದೇವರ ಜಗಲಿಯ ಮೇಲಿಟ್ಟು ದಿನಾ ಕುಂಕುಮ ಏರಿಸಿದಳು. ವರ್ಷಕ್ಕೊಮ್ಮೆ ತೆರೆದು ಪರೀಕ್ಷಿಸಲು ಹೋದ ಮಾವಶಿ ತೂತಿನೊಳಗಿನ ಕುಂಕುಮವನ್ನು ಸೂಜಿಯಿಂದ ಕೆದರುತ್ತ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ತೆರೆದು ನೋಡದ ಬ್ಯಾಕಪ್ಪನ್ನೂ ರುಚಿ ನೋಡದ ಉಪ್ಪಿನಕಾಯಿಯನ್ನೂ ನಂಬಬಾರದಂತೆ.

"ಎಲ್ಲಾ ಕ್ಲೌಡಿನಾಗ ಹಾಕಿದ್ರ ಆತಲ್ಲ ಮಾವಶಿ?" ಎಂದೆ ಒಮ್ಮೆ.

"ಬೀಜದ ಅಂಗಡಿಯವ ನೀ. ಬರೇ ಮೋಡ ನಂಬಿ ಬಿತ್ತಿದವರ ಗತಿ ಏನಾಗತೈತಿ, ನಿನಗ ನಾ ಹೇಳಬೇಕೇನು? ಅದೂ ಇರಲಿ, ಕೈಯಾಗೂ ಇರಲಿ."

ಇಷ್ಟೆಲ್ಲ ಕೇಳಿಯೂ ನಾನು ಡಿಸ್ಕ್ ಬದಲಿಸಲಿಲ್ಲ. ನಾಳೆ ಎಂದೆ. ಚಿಂತೆ ಮಾಡುವವರು ಬಹಳ ಎಚ್ಚರಿಕೆಯಿಂದ ಇರುತ್ತಾರೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಚಿಂತೆ ಮಾಡುವುದರಲ್ಲೇ ದಿನ ಮುಗಿಯುತ್ತದೆ, ಕೆಲಸಕ್ಕೆ ವೇಳೆ ಎಲ್ಲಿ?

ಬೇಸಿಗೆಯ ಮಧ್ಯಾಹ್ನ. ಬಜಾರದಲ್ಲಿ ನಾಯಿಯೂ ಇಲ್ಲ. ನಾನು ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದೆ. ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟ ಕಂಪ್ಯೂಟರ್ ತಾನಾಗಿ ಕಪ್ಪಾಯಿತು. ಆ ಕಪ್ಪಿನೊಳಗಿಂದ ಮೆಲ್ಲಗೆ ಒಂದು ಮನೆ ಮೂಡಿತು. ಕಲ್ಲಿನ ಕಟ್ಟೆ, ಹಸಿರು ಬಾಗಿಲು. ಕಟ್ಟೆಯ ತುಂಬ ಹೊಸ ಬಟ್ಟೆ ಉಟ್ಟ ಮಂದಿ: ನಡುವೆ ಟೋಪಿಯ ಒಬ್ಬ ಮುದುಕ, ಪಕ್ಕದಲ್ಲಿ ಮುದುಕಿ, ಸುತ್ತ ಹರೆಯದವರು. ಚಿತ್ರ ಮಾಸಿತು. ಮತ್ತದೇ ಕಟ್ಟೆ, ಅದೇ ಬಾಗಿಲು, ಬೇರೆ ಹೊಸ ಬಟ್ಟೆ. ಆದರೆ ಒಬ್ಬಳು ಇಲ್ಲ. ಮುಂದಿನ ಚಿತ್ರದಲ್ಲಿ ಇನ್ನೊಬ್ಬಳೂ ಇಲ್ಲ. ಆಮೇಲೆ ಮುದುಕಿ ಇಲ್ಲ. ಆಮೇಲೆ ಹುಡುಗ ಇಲ್ಲ. ಮುದುಕ ಒಬ್ಬನೇ ನಗುತ್ತ ಕುಳಿತಿದ್ದ.

ಕಡೆಯ ಚಿತ್ರದಲ್ಲಿ ಕಟ್ಟೆ ಖಾಲಿ.

ನನ್ನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಯಾರೂ ಇಲ್ಲದ ಕಟ್ಟೆಯ ಚಿತ್ರ ತೆಗೆದವರು ಯಾರು?

ಅದಕ್ಕಿಂತ ಹೆದರಿಕೆಯ ಸಂಗತಿ ಇನ್ನೊಂದಿತ್ತು. ಆ ಮಂದಿಯಲ್ಲಿ ಒಬ್ಬರೂ ನೇರ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರೂ ನನ್ನ ಬಲ ಭುಜದ ಪಕ್ಕದಲ್ಲಿ ನಿಂತ ಯಾರನ್ನೋ ನೋಡುತ್ತಿದ್ದರು. ತಿರುಗಿದೆ. ಮೆಕ್ಕೆಜೋಳದ ಬೀಜದ ಚೀಲಗಳು. ಕುರ್ಚಿ ಎಡಕ್ಕೆ ಸರಿಸಿದೆ. ಆಗಲೂ ಭುಜದ ಪಕ್ಕಕ್ಕೇ ನೋಡಿದರು! ಅಂದಿನಿಂದ ನಾನು ಗಿರಾಕಿ ಇಲ್ಲದ ಹೊತ್ತಿನಲ್ಲಿ ಹೊರಗೆ ಬಿಸಿಲಿನಲ್ಲಿ ನಿಲ್ಲತೊಡಗಿದೆ. ವ್ಯಾಪಾರ ಇಲ್ಲದೆ ತಲೆ ಕೆಟ್ಟಿದೆ ಎಂದು ಎದುರಿನ ಚಹಾದವನು ಪುಕ್ಕಟೆ ಚಹಾ ಕೊಟ್ಟ.

ಅಳಿಸಿಬಿಡೋಣ ಎಂದು ಎಷ್ಟು ಸಲ ಅನಿಸಿತೋ! ಬೆರಳು ಇಟ್ಟಾಗಲೆಲ್ಲ ಆ ಮುದುಕನ ನಗು ಅಡ್ಡ ಬರುತ್ತಿತ್ತು. ಇದೇ ಇವನ ಕೊನೆಯ ಪ್ರತಿಯಾಗಿದ್ದರೆ?

ಹಾಗಿರುವಾಗ ಒಂದು ಮಧ್ಯಾಹ್ನ ಡಬ್ಬಿಯೊಳಗಿಂದ ಟಕ್, ಟಕ್ ಎಂದು ಸದ್ದು ಬರತೊಡಗಿತು. ಒಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ. ನಾನು ಅಂಗಡಿಯ ಹೊರಗೆ ನಿಂತು ಮಾವಶಿಗೆ ಫೋನ್ ಮಾಡಿದೆ.

"ಮಾವಶಿ, ಅವರು ಬಾಗಲಾ ಬಡಿಯಾಕತ್ತಾರ!"

"ಡಿಸ್ಕ್ ಸಾಯಾಕತ್ತೈತಿ ಮೂರ್ಖಾ. ಲಗೂನ ಬಂದ್ ಮಾಡು. ಮತ್ತ ಮತ್ತ ಚಾಲೂ ಮಾಡಿ ನೋಡಬ್ಯಾಡ, ಪ್ರತಿ ಸಲಾನೂ ಅದರ ಆಯುಷ್ಯ ಕಡಿಮಿ ಆಗತೈತಿ. ನಾ ಬರತೇನಿ."

ಬಂದಳು. ಡಿಸ್ಕ್ ಬಿಚ್ಚಿ, ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಶಟರ್ ಅರ್ಧ ಇಳಿಸಿ ಕುಳಿತಳು. ಟಕ್, ಟಕ್.

"ಮೊದಲ ನನ್ನ ಬಿಲ್ ತೆಗಿ ಮಾವಶಿ. ಜಿಎಸ್‌ಟಿ ತುಂಬೂದೈತಿ!"

"ಬಿಲ್ಲು ಮತ್ತ ಬರೀತಿ. ಈ ಮುದುಕನ ಮಾರಿ ಮತ್ತ ಬರೀತಿಯೇನು?"

ಒಂದೊಂದೇ ಚಿತ್ರ ಈ ಕಡೆ ದಾಟಿ ಬಂತು. ಮಾವಶಿ ತುಟಿ ಬಿಗಿಹಿಡಿದಿದ್ದಳು. ಸೂಲಗಿತ್ತಿಯರ ಮುಖ ಹಾಗಿರುತ್ತದೆ. ಖಾಲಿ ಕಟ್ಟೆಯ ಚಿತ್ರವೂ ದಾಟಿತು. ಆಮೇಲೆ ಟಕ್ ಎಂಬುದು ನಿಂತಿತು. ಡಿಸ್ಕ್ ತಣ್ಣಗಾಯಿತು. ನನ್ನ ಬಿಲ್ಲುಗಳು ಅದರ ಜೊತೆ ಸಹಗಮನ ಮಾಡಿದವು.

ಇನ್ನು ಕಾಯುವುದು ಸಾಲದು, ಹುಡುಕಬೇಕು ಎಂದು ಮಾವಶಿ ಚಿತ್ರಗಳನ್ನು ಹಿಗ್ಗಿಸಿ ನೋಡಿದಳು. ಒಂದರ ಮೂಲೆಯಲ್ಲಿ ಹಿಟ್ಟಿನ ಗಿರಣಿಯ ಗೋಡೆ. ಗೋಡೆಯ ಮೇಲೆ ಮಾಸಿದ ಅಕ್ಷರ: ದೊಡವಾಡ.

ಮರುದಿನವೇ ಬಸ್ ಹತ್ತಿದೆವು. ದಾರಿಯುದ್ದಕ್ಕೂ ನಾನು ಆ ಮನೆಯಲ್ಲಿ ಏನೇನು ನಡೆದಿರಬಹುದು ಎಂದು ಲೆಕ್ಕ ಹಾಕಿದೆ. ಕಾಲರಾ? ಕೊಲೆ? ಶಾಪ? ಗಿರಣಿ ಸಿಕ್ಕಿತು. ಓಣಿ ತಿರುಗಿದರೆ ಅದೇ ಹಸಿರು ಬಾಗಿಲು, ಅದೇ ಕಲ್ಲಿನ ಕಟ್ಟೆ, ಖಾಲಿ. ಬಿಸಿಲು ಕೂಡ ಚಿತ್ರದಲ್ಲಿದ್ದ ಕಡೆಯೇ ಬಿದ್ದಿತ್ತು. ಎದುರು ಗೋಡೆಯಲ್ಲಿ ಎದೆ ಎತ್ತರಕ್ಕೆ ಒಂದು ಸಣ್ಣ ಗೂಡು. ಚಿತ್ರ ತೆಗೆದದ್ದು ಅಲ್ಲಿಂದಲೇ!

ಬಾಗಿಲು ತೆರೆಯಿತು. ನಾನು ಮಾವಶಿಯ ಹಿಂದೆ ನಿಂತೆ. ಐವತ್ತು ದಾಟಿದ ಗಂಡಸು, ಹೌದು!

ಬಂದವಳು ನಲವತ್ತರ ಹೆಣ್ಣುಮಗಳು, ತಲೆಯ ಮೇಲೆ ಸೆರಗು, ಕೊರಳಲ್ಲಿ ಟೇಲರ್ ಟೇಪು. ಅವಳು ಯಾವ ಚಿತ್ರದಲ್ಲಿಯೂ ಇರಲಿಲ್ಲ. ಮಾವಶಿ ಲ್ಯಾಪ್‌ಟಾಪ್ ಬಿಚ್ಚಿ ಅವಳ ಮುಂದೆ ಹಿಡಿದಳು.

"ಅಬ್ಬಾ," ಎಂದು ಅವಳು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತಳು.

ನೀರು ಕುಡಿದ ಮೇಲೆ ಹೇಳಿದಳು. "ಫೋನ್ ತುಂಬೈತಿ ಅಂತ ಬರಾಕತ್ತಿತ್ರಿ. ಕಂಪ್ಯೂಟರಿನಾಗ ಅದಾವಲ್ಲ ಅಂತ ನಾ ಫೋನಿನಾಗಿಂದು ಅಳಿಸಿದೆ. ಅಕ್ಕನ ಫೋನಿನಾಗ ಅದಾವಲ್ಲ ಅಂತ ನನ್ನ ತಮ್ಮ ಕಂಪ್ಯೂಟರ್ ಮಾರಿದ. ಆಮ್ಯಾಲ ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ."

ನಾನು ತಡೆಯಲಾರದೆ ಕೇಳಿದೆ. "ಮತ್ತ ಇವರೆಲ್ಲಾ... ಏನಾದ್ರು?"

"ಅಮ್ಮಾ ಹೋದಳ್ರಿ, ಆಮ್ಯಾಲ ಅಬ್ಬಾ. ತಂಗ್ಯಾರು ಇಬ್ಬರು ಮದುವಿ ಆಗಿ ಮುನವಳ್ಳಿ, ರಾಮದುರ್ಗಕ್ಕ ಹೋದ್ರು."

"ಈ ಹುಡುಗ?"

"ಅವ ತಮ್ಮ. ಹುಬ್ಬಳ್ಳಿಯಾಗ ಎಗ್‌ರೈಸ್ ಗಾಡಿ ಇಟ್ಟಾನ್ರಿ. ಛಲೋ ನಡದೈತಿ."

ನನ್ನ ಶಾಪ, ಕಾಲರಾ ಎಲ್ಲ ಎಗ್‌ರೈಸಿನಲ್ಲಿ ಮುಗಿದವು! ಆದರೂ ಒಂದು ಉಳಿದಿತ್ತು. ಅವರೆಲ್ಲ ನೋಡುತ್ತಿದ್ದುದು ಯಾರನ್ನು?

ಅವಳು ಪರದೆಯ ಮೇಲೆ ಮುದುಕನ ಟೋಪಿಯನ್ನು ಬೆರಳಿನಿಂದ ಸವರಿದಳು. "ಅಬ್ಬಾಗ ಕಣ್ಣು ಕಾಣತಿರಲಿಲ್ರಿ. ಪ್ರತಿ ಈದಿಗೆ ಈ ಕಟ್ಟಿ ಮ್ಯಾಲ ಎಲ್ಲಾರನ್ನೂ ಕುಂದರಿಸಿ, ಆ ಗೂಡಿನಾಗ ಫೋನ್ ಇಟ್ಟು, ನಾ ಮಗ್ಗಲ ನಿಂತು 'ಅಬ್ಬಾ, ಇತ್ತ' ಅಂತ ಕರೀತಿದ್ದೆ. ಅವರು ನನ್ನ ದನಿ ಕಡೆ ತಿರಗತಿದ್ರು, ಫೋನಿನ ಕಡೆ ಅಲ್ಲ. ಅಬ್ಬಾ ಒಬ್ಬರ ಬ್ಯಾರೆ ಕಡೆ ನೋಡಿದ್ರ ಮಂದಿ ನಗತಾರಂತ ಅಮ್ಮಾ ಎಲ್ಲಾರಿಗೂ ಹೇಳಿದ್ಲು: ಅವರು ಎತ್ತ ನೋಡತಾರ, ನೀವೂ ಅತ್ತ ನೋಡ್ರಿ."

ಗಿರಣಿಯ ಸದ್ದು ಕೇಳುತ್ತಿತ್ತು.

"ಮತ್ತ ಆ ಖಾಲಿ ಕಟ್ಟಿದು?" ಮಾವಶಿ ಮೆಲ್ಲಗೆ ಕೇಳಿದಳು.

"ಅಬ್ಬಾ ಹೋದ ಮ್ಯಾಲಿನ ಈದಿಂದು. ತಮ್ಮಗ ಗಾಡಿ ಬಿಟ್ಟು ಬರಾಕ ಆಗಿರಲಿಲ್ಲ. ರೂಢಿ ನೋಡ್ರಿ, ಫೋನ್ ಇಟ್ಟೆ, ಕರದೆ. ಆಮ್ಯಾಲ ಯಾವತ್ತೂ ಫೋಟೋ ತಗದಿಲ್ಲ."

ಮಾವಶಿ ಎದ್ದಳು. ಸೀರೆಯ ನೆರಿಗೆ ಸರಿಮಾಡಿಕೊಂಡು ಹೋಗಿ ಕಟ್ಟೆಯ ನಡುವೆ ಕುಳಿತಳು. ಪಕ್ಕದ ಕಲ್ಲು ತಟ್ಟಿ ನನ್ನನ್ನೂ ಕರೆದಳು.

"ತಂಗಿ, ಫೋನ್ ಇಡು."

ಅವಳು ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಫೋನನ್ನು ಗೂಡಿನಲ್ಲಿಟ್ಟು, ಪಕ್ಕಕ್ಕೆ ಸರಿದು, ಸೆರಗಿನಿಂದ ಮೂಗು ಒರೆಸಿಕೊಂಡು ಕರೆದಳು.

"ಇತ್ತ ನೋಡ್ರಿ..."

ಆ ದನಿ ಕೇಳಿದ ಮೇಲೆ ಫೋನ್ ಎಲ್ಲಿದೆ ಎಂದು ನನಗೆ ನೆನಪಾಗಲಿಲ್ಲ. ಓರೆಗಣ್ಣಿನಿಂದ ಪಕ್ಕಕ್ಕೆ ನೋಡಿದೆ. ಮಾವಶಿ ಕಣ್ಣು ಮುಚ್ಚಿದ್ದಳು.

"ಮಾವಶಿ, ಕಣ್ಣು ತೆಗಿ, ಫೋಟೋ ಕೆಡತೈತಿ," ಎಂದು ಪಿಸುಗುಟ್ಟಿದೆ.

"ಸುಮ್ಮನಿರು," ಎಂದಳು. ಕಣ್ಣು ಮುಚ್ಚಿಕೊಂಡೇ ಆ ದನಿ ಬಂದ ಕಡೆಗೆ ಮೆಲ್ಲಗೆ ಮುಖ ತಿರುಗಿಸಿ ನಕ್ಕಳು.