ಸೊನ್ನೆಯಲ್ಲಿ ನಿಂತ ಸೂಜಿ

ಬಟ್ಟೆ ಒಣಗಿಸುವ ಹಗ್ಗದ ಹಾಗೆ ಕಾಣುವ ಒಂದು ಕೇಬಲ್ಲು ಮರ್ಯಾದಸ್ಥ ಗೃಹಸ್ಥನ ಮಾನ ಕಳೆಯಬಲ್ಲದು ಎಂದು ಯಾರಾದರೂ ಮೊದಲೇ ಹೇಳಿದ್ದರೆ, ನಾನು ಹವ್ಯಾಸಕ್ಕೆ ಅಂಚೆಚೀಟಿ ಕೂಡಿಡುತ್ತಿದ್ದೆ. (ಹೇಳಿದ್ದರು, ನಿಮಗೇ ಕೇಳಿಸಲಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಆ ವಿಷಯ ಆಮೇಲೆ.)

ಹಗಲು ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವನು. ಸಂಜೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವನು. ಅಂದರೆ ತಾರಸಿಯ ಮೇಲೆ ಆಂಟೆನಾ ನಿಲ್ಲಿಸಿ, ಕೋಣೆಯಲ್ಲಿ ಪೆಟ್ಟಿಗೆಯ ಮುಂದೆ ಕೂತು, ಕಾಣದ ಊರಿನ ಕಾಣದ ಜನರನ್ನು "ನನ್ನ ದನಿ ಕೇಳಿಸುತ್ತಿದೆಯೇ?" ಎಂದು ವಿಚಾರಿಸುವುದು. ಕೇಳಿಸುತ್ತಿದೆ ಎಂದು ಅವರು ಹೇಳಿದರೆ ಜನ್ಮ ಸಾರ್ಥಕ. ಈ ಹುಚ್ಚು ಹಿಡಿಸಿದವನು ಹಡಗಿನಲ್ಲಿ ಎಂಜಿನಿಯರ್ ಆಗಿರುವ ನನ್ನ ಹೆಂಡತಿಯ ಅಣ್ಣ.

ಕಳೆದ ಸಲ ಬಂದಾಗ ಅಣ್ಣ ತಂಗಿ ಅಡುಗೆಮನೆಯಲ್ಲಿ ಏನೋ ಮಾತಿಗೆ ಮಾತು ಬೆಳೆಸಿಕೊಂಡು, ಇವಳು "ಇನ್ನು ಈ ಮನೆ ಹೊಸಿಲು ತುಳೀಬೇಡ" ಎಂದುಬಿಟ್ಟಳು. ಯಾಕೆಂದು ಕೇಳಿದರೆ "ನಿಮಗ್ಯಾಕೆ?" ಎಂದಳು. ಅಂದಿನಿಂದ ಮಾತಿಲ್ಲ ಕತೆಯಿಲ್ಲ. ಒಳಗೊಳಗೇ ಕೊರಗಿದಳು. ಹೋದ ವಾರ ಅವನಿಂದ ನನಗೆ ಸುದ್ದಿ ಬಂತು: ಹಡಗು ದಡ ಬಿಡುತ್ತಿದೆ, ಇನ್ನು ತಿಂಗಳುಗಟ್ಟಲೆ ಫೋನಿಲ್ಲ, ಭಾನುವಾರ ಸಂಜೆ ಐದಕ್ಕೆ ಪಾಳಿಗೆ ಮುಂಚೆ ಅರ್ಧ ಗಂಟೆ ರೇಡಿಯೋ ಹಚ್ಚಿ ಕೂತಿರುತ್ತೇನೆ.

"ರೀ, ಹೇಗಾದ್ರೂ ಮಾಡಿ ಮಾತಾಡ್ಸಿ. ಅವನ ಹತ್ರ ತಪ್ಪಾಯ್ತು ಅನ್ಬೇಕು. ಅನ್ನದೇ ಇದ್ರೆ ನನಗೆ ಊಟ ಸೇರಲ್ಲ."

"ಅಷ್ಟೇ ತಾನೇ!" ಎಂದೆ. ಎಂದ ಮೇಲೆ ನೆನಪಾಯಿತು: ತಾರಸಿಯಿಂದ ಇಳಿದು ಬರುವ ಹಳೆಯ ಕೇಬಲ್ಲು ಬಿಸಿಲಿಗೆ ಬಿರಿದು, ಮಳೆನೀರು ಕುಡಿದು, ಎಂದೋ ಕೈಕೊಟ್ಟಿತ್ತು.

"ಪಕ್ಕದ್ಮನೆ ಮೇಷ್ಟ್ರನ್ನ ಒಂದ್ಮಾತು ಕೇಳ್ಕೊಂಡು ಹೋಗಿ" ಎಂದಳು. ಮೇಷ್ಟ್ರು ರೇಡಿಯೋ ಪಾಠ ಹೇಳಿ ನಿವೃತ್ತರಾದವರು. ಒಂದು ಪ್ರಶ್ನೆ ಕೇಳಿದರೆ ಒಂದು ವರ್ಷದ ಪಾಠ ಮುಗಿಸಿಯೇ ಬಿಡುವವರು. ನಾನು ಹಿತ್ತಿಲ ಬಾಗಿಲಿನಿಂದ ಜಾರಿಕೊಂಡೆ.

ಅಂಗಡಿಯವನು ಎರಡು ತುಂಡು ಮುಂದಿಟ್ಟ. ಎರಡರ ಹೊಟ್ಟೆಯಲ್ಲೂ ಒಂದೇ ಸಂಸಾರ: ನಡುವೆ ತಾಮ್ರದ ತಂತಿ, ಅದಕ್ಕೆ ಬಿಳಿ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ತಂತಿಯ ಜಾಲರಿ, ಎಲ್ಲಕ್ಕೂ ಮೇಲೆ ಕರಿ ಅಂಗಿ. ಒಂದು ಹೆಬ್ಬೆರಳ ಗಾತ್ರ, ಇನ್ನೊಂದು ನೂಲಿನಂತೆ.

"ಎಷ್ಟು ದೂರ ಎಳೀಬೇಕು ಸಾರ್? ದೂರಕ್ಕಾದ್ರೆ ದಪ್ಪಂದು. ಸಣ್ಣದು ದಾರೀಲೇ ಸಿಗ್ನಲ್ ತಿಂದ್ಹಾಕತ್ತೆ. ಅದೇನಿದ್ರೂ ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ."

"ಎರಡರ ಮೇಲೂ ಒಂದೇ ಅಳತೆ, ಐವತ್ತು ಓಮ್ ಅಂತಾನೇ ಬರ್ದಿದೆಯಲ್ಲ?"

"ಐವತ್ತೇ. ಆದ್ರೆ..."

ಆದರೆ-ಗೀದರೆಗೆ ನಾನು ಕಿವಿಗೊಡಲಿಲ್ಲ. ದಪ್ಪನೆಯದು ಬಾಗುವುದಿಲ್ಲ, ಬಳುಕುವುದಿಲ್ಲ. ಕನ್ನಡಕದ ಚೌಕಟ್ಟಿನಲ್ಲಿ ನಾನು ಗಿರಾಕಿಗಳಿಗೆ ಯಾವಾಗಲೂ ತೋರಿಸುವುದು ಸಪೂರ, ಹಗುರ. ಸಣ್ಣದರ ಇಡೀ ಸುರುಳಿಯನ್ನೇ ತಂದೆ. ಒಂದು ತುದಿಯನ್ನು ತಾರಸಿಯ ಆಂಟೆನಾಕ್ಕೆ, ಇನ್ನೊಂದನ್ನು ಪೆಟ್ಟಿಗೆಗೆ ಸಿಕ್ಕಿಸಿ, ಒಳ್ಳೆಯ ಮಾಲನ್ನು ಕತ್ತರಿಸಲು ಮನಸ್ಸು ಬರದೆ, ಮಿಕ್ಕಿದ್ದನ್ನೆಲ್ಲ ಸುತ್ತಿ ಬೀರುವಿನ ಹಿಂದೆ ತುರುಕಿದೆ.

ಪೆಟ್ಟಿಗೆ ಹಚ್ಚಿದೆ. ಆಹಾ, ನಿಶ್ಶಬ್ದ! ಹಳೆಯ ಕರಕರವಿಲ್ಲ, ಗುರುಗುರುವಿಲ್ಲ. ನಾವು ಕಳಿಸಿದ ಸಿಗ್ನಲ್ಲು ಆಂಟೆನಾಕ್ಕೆ ಒಗ್ಗದೆ ಎಷ್ಟು ವಾಪಸ್ಸು ಬಂತೆಂದು ತೋರಿಸುವ ಒಂದು ಮೀಟರಿದೆ. ಅದರ ಸೂಜಿ ಸೊನ್ನೆಯಲ್ಲಿ ಧ್ಯಾನಸ್ಥವಾಗಿತ್ತು. ಒಂದು ಹನಿಯೂ ವಾಪಸ್ಸಿಲ್ಲ! ನಾನು ಮೈಮರೆತು ನೋಡುತ್ತಿದ್ದಾಗ ಹೆಂಡತಿ ಒಗೆದ ಬಟ್ಟೆಯ ಬುಟ್ಟಿ ಹೊತ್ತು ತಾರಸಿಯಿಂದ ಇಳಿದು ಬಂದು ಏನೋ ಹೇಳಿದಳು. "ಹ್ಞೂಂ" ಎಂದೆ. ಮರುದಿನ ಮತ್ತೆ ಹೇಳಿದಳು. "ಅದು ಹಾಗೇ ಇರ್ಬೇಕು" ಎಂದೆ. ಆಮೇಲೆ ಅವಳು ಹೇಳಲಿಲ್ಲ. ಮನೆಯೂ ನಿಶ್ಶಬ್ದ, ರೇಡಿಯೋವೂ ನಿಶ್ಶಬ್ದ. ನನ್ನಂಥ ಸುಖಿ ಬೇರೆ ಇರಲಿಲ್ಲ.

ಭಾನುವಾರ ಐದು ಗಂಟೆ. ಹೆಂಡತಿ ತಲೆ ಬಾಚಿಕೊಂಡು ಕುರ್ಚಿಯ ತುದಿಯಲ್ಲಿ ಕೂತಳು. (ರೇಡಿಯೋದಲ್ಲಿ ಮುಖ ಕಾಣುವುದಿಲ್ಲ ಎನ್ನುವ ಧೈರ್ಯ ನನಗಾಗಲಿಲ್ಲ.) ಕರೆದೆ. ಉತ್ತರವಿಲ್ಲ. ಮತ್ತೆ ಕರೆದೆ. ಗಡಿಯಾರದ ಸದ್ದು ಬಿಟ್ಟು ಬೇರೇನೂ ಇಲ್ಲ.

"ಕೋಪದಲ್ಲಿ ಉತ್ತರ ಕೊಡ್ತಿಲ್ವೇನ್ರಿ?" ಎಂದಳು. ಕಣ್ಣು ತುಂಬಿತ್ತು. ಸೂಜಿ ಮಾತ್ರ ಸೊನ್ನೆಯಲ್ಲಿ ನೆಮ್ಮದಿಯಾಗಿತ್ತು.

ಅವಳು ಎದ್ದು ಹೋಗಿ ಮೇಷ್ಟ್ರನ್ನೇ ಕರೆತಂದಳು. ಅವರು ಬೀರುವಿನ ಹಿಂದೆ ಇಣುಕಿದರು, ತಾರಸಿ ಹತ್ತಿದರು, ಕೆಂಡದಂಥ ಮುಖದಲ್ಲಿ ಇಳಿದರು.

"ನಿಮ್ಮ ಕೇಬಲ್ ತುದಿ ಆಂಟೆನಾಕ್ಕೆ ಸೇರೇ ಇಲ್ಲ. ಗಾಳೀಲಿ ಜೋತಾಡ್ತಿದೆ!"

"ಸಾಧ್ಯವೇ ಇಲ್ಲ ಮೇಷ್ಟ್ರೇ, ಸೂಜಿ ನೋಡಿ, ಸೊನ್ನೆ!"

"ತುದಿ ಬಿಚ್ಚಿದ್ರೆ ಕಳ್ಸಿದ್ದೆಲ್ಲಾ ವಾಪಸ್ ಬಂದು ಸೂಜಿ ಎದ್ದು ಕುಣೀಬೇಕು. ನಿಮ್ಮ ಈ ನೂಲು ಹೋಗೋವಾಗ್ಲೂ ತಿಂತು, ಬರೋವಾಗ್ಲೂ ತಿಂತು. ವಾಪಸ್ ಬರೋಕೆ ಉಳಿದಿದ್ದಾದ್ರೂ ಏನು? ದೂರು ಬರ್ಲಿಲ್ಲ ಅಂದ್ರೆ ಎಲ್ಲಾ ಸರಿಯಾಗಿದೆ ಅಂತ ಅಲ್ಲ ಕಣಯ್ಯಾ, ದೂರೂ ದಾರೀಲೇ ಸತ್ತಿದೆ ಅಂತ!"

"ತುದಿ ಬಿಚ್ಕೊಂಡಿದೆ ಅಂತ ನಾನು ಎರಡು ಸಲ ಹೇಳ್ದೆ" ಎಂದಳು ಹೆಂಡತಿ, ಮೆಲ್ಲಗೆ. "ಅದು ಹಾಗೇ ಇರ್ಬೇಕು ಅಂದ್ರಿ. ನಾನೂ ನಂಬಿದೆ."

ಬೈದಿದ್ದರೆ ವಾಸಿಯಿತ್ತು.

ಮೇಷ್ಟ್ರು ತಮ್ಮ ದಪ್ಪ ಕೇಬಲ್ಲನ್ನು ಹೆಗಲ ಮೇಲೆ ಹೊತ್ತು ತಂದರು. ಅದು ಮೂಲೆಯಲ್ಲಿ ಬಾಗಲೊಲ್ಲದೆ ಹೂಕುಂಡ ಉರುಳಿಸಿತು, ಕಿಟಕಿಯನ್ನು ಮುಚ್ಚಲು ಬಿಡಲಿಲ್ಲ, ನಮ್ಮ ಮದುವೆಯ ಫೋಟೋವನ್ನು ಓರೆ ಮಾಡಿತು. ಅರ್ಧ ಗಂಟೆ ಮುಗಿಯುತ್ತಾ ಬಂದಿತ್ತು. ಸಿಕ್ಕಿಸಿದೆವು. ಪೆಟ್ಟಿಗೆಯಿಂದ ಸಂತೆಯ ಗದ್ದಲ ಎದ್ದಿತು.

"ಅಯ್ಯೋ, ಕೆಟ್ಟೋಯ್ತು!" ಎಂದೆ.

"ಗದ್ದಲ ಬಂತಲ್ಲ, ಇನ್ನು ಮನುಷ್ಯರೂ ಬರ್ತಾರೆ. ಕರೀರಿ!"

ಕರೆದೆ. ಗದ್ದಲದ ನಡುವಿನಿಂದ ಭಾವನ ದನಿ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟವಾಗಿ ಬಂತು: "ಕೇಳಿಸ್ತಿದೆ! ಎರಡೇ ನಿಮಿಷ ಇದೆ. ಅವಳಿದ್ದಾಳಾ?"

ಹೆಂಡತಿ ನನ್ನ ಕೈಯಿಂದ ಮೈಕು ಕಿತ್ತುಕೊಂಡಳು. "ಅಣ್ಣಾ, ತಪ್ಪಾಯ್ತು ಕಣೋ. ಅವತ್ತು ನೀನು ಅಂದ್ಯಲ್ಲ, ನಿನ್ನ ಗಂಡನಿಗೆ ಏನ್ ಹೇಳಿದ್ರೂ ಒಳಗೆ ಇಳಿಯೋದೇ ಇಲ್ಲ ಅಂತ. ಅದಕ್ಕೇ ಸಿಟ್ಟು ಬಂದು ಹೊಸಿಲು ತುಳೀಬೇಡ ಅಂದೆ. ನೀನು ಹೇಳಿದ್ದೇ ನಿಜ ಕಣೋ. ಓವರ್."

ನಾನು ಸೂಜಿಯ ಕಡೆ ನೋಡಿದೆ. ಅದು ಸೊನ್ನೆಯ ಪಕ್ಕದಲ್ಲೇ ಇತ್ತು. ಈ ಸಲ ಕಳಿಸಿದ್ದೆಲ್ಲ ಪೂರ್ತಿ ಹೊರಗೆ ಹೋಗಿತ್ತು.

ಆ ಕಡೆಯಿಂದ ಭಾವ ನಗುತ್ತಿದ್ದ, ಅಳುತ್ತಲೂ ಇದ್ದನೇನೋ. ಅವನು ಬಾಯಿ ತೆರೆಯುವಷ್ಟರಲ್ಲಿ ಯಾವನೋ ಗುರುತಿಲ್ಲದವನು ನಡುವೆ ಬಂದು "ನಮಗೂ ಸ್ಪಷ್ಟವಾಗಿ ಕೇಳಿಸ್ತು ಅಕ್ಕಾ" ಎಂದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ವರ್ಷಗಳಿಂದ ನಾನು ಕೂಗಿ ಕರೆದರೂ ಓಗೊಡದಿದ್ದ ಊರುಗಳಿಂದೆಲ್ಲ ಉತ್ತರ ಬಂತು.

ಮೇಷ್ಟ್ರು ಹೊರಟರು. ಹೆಂಡತಿ ಮುಖ ಒರೆಸಿಕೊಂಡು, ಹಗುರಾಗಿ ಎದ್ದು, ಬಾಗಿಲ ಬಳಿ ನಿಂತು ನನಗೇನೋ ಹೇಳಿದಳು. ಓರೆಯಾದ ಫೋಟೋ ಸರಿಪಡಿಸುತ್ತಿದ್ದ ನಾನು ಅಭ್ಯಾಸಬಲದಿಂದ "ಹ್ಞೂಂ" ಎಂದೆ.

ಏನು ಹೇಳಿದಳೆಂದು ಈಗ ಯಾರನ್ನು ಕೇಳಲಿ?